ಡ್ಯಾನ್ಸ್ ಆಕ್ಟ್ ಲೈವ್ ಅಂದ್ರೆ ಮೇಜಿನ ಹಿಂದೆ ನಡೆಯೋದಾದ್ರೂ ಏನು?

ಬೀಟ್‌ಬುಟ್ಟಿ (ಪ್ರಶ್ನೆ):
ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದವರ ಆಲ್ಬಮ್‌ನಲ್ಲಿ 6 ನಿಮಿಷ ಇರೋ ಟ್ರ್ಯಾಕು ಲೈವ್‌ನಲ್ಲಿ 12 ನಿಮಿಷ ಆಗತ್ತೆ. ಒಂದು ಹಾಡಿನ ಬಾಸ್ ಮೇಲೆ ಇನ್ನೊಂದರ ದನಿ ಬಂದು ಕೂರತ್ತೆ. ಇದು ಡಿಜೆ ಸೆಟ್ ಅಲ್ಲ ಅಂತಾರೆ, ಆದ್ರೆ ಕಾಣೋದು ತಲೆ ಅಲ್ಲಾಡಿಸ್ತಾ ನಿಂತಿರೋ ಇಬ್ಬರು ಮಾತ್ರ. ಪ್ಲೇ ಒತ್ತಿ ಕೈ ಎತ್ತೋರನ್ನೂ ನಿಜವಾಗಿ ನುಡಿಸೋರನ್ನೂ ಕಿವೀಲೇ ಬೇರ್ಪಡಿಸೋಕೆ ಆಗತ್ತಾ? ಲೈವ್ ಆಲ್ಬಮ್ ಯಾವುದರಿಂದ ಶುರು ಮಾಡ್ಲಿ?

ಮಿಕ್ಸರ್‌ಮಂಜ:
ಡಿಜೆ ಹತ್ರ ಇರೋದು ಮುಗಿದ ಸ್ಟೀರಿಯೊ ಫೈಲು. ಬೆಂದ ಬಿಸಿಬೇಳೆಬಾತಿಂದ ಬೇಳೆ ಆರಿಸೋಕಾಗಲ್ಲ. (ಈಗ ಸ್ಟೆಮ್, ಅಂದ್ರೆ ಡ್ರಮ್, ಬಾಸ್, ದನಿಯಂಥ ಬಿಡಿ ಭಾಗ, ಬೇರ್ಪಡಿಸೋ ಗುಂಡಿ ಬಂದಿದೆ, ಗೊತ್ತು. ಆದ್ರೆ ಹ್ಯಾಟ್, ಅಂದ್ರೆ 'ಚಿಕ್ ಚಿಕ್' ಅನ್ನೋ ತಾಳ, ತೆಗೆದ್ರೆ ದನಿಯ 'ಸ'ಕಾರವೂ ಒಂಚೂರು ಜೊತೆಗೇ ಹೋಗತ್ತೆ.) ಲೈವ್ ಆಕ್ಟ್ ಹತ್ರ ಕಿಕ್ ('ಧಪ್' ಅನ್ನೋ ದಪ್ಪ ಡ್ರಮ್), ಹ್ಯಾಟ್, ಬಾಸ್, ದನಿ ಎಲ್ಲ ಬೇರೆ ಬೇರೆ ಪಾತ್ರೇಲಿ ಇರತ್ತೆ.

ಆರ್ಬಿಟಲ್ ಅನ್ನೋ ಬ್ರಿಟಿಷ್ ಎಲೆಕ್ಟ್ರಾನಿಕ್ ಜೋಡಿಯ ಹಾರ್ಟ್‌ನಾಲ್ ಅಣ್ಣತಮ್ಮಂದಿರನ್ನೇ ತಗೊಳ್ಳಿ, ಕತ್ತಲಲ್ಲೂ ಕಾಣ್ಲಿ ಅಂತ ಕನ್ನಡಕಕ್ಕೆ ಟಾರ್ಚ್ ಕಟ್ಕೊಂಡು ನುಡಿಸೋರು. ಅವರು ವೇದಿಕೆ ಮೇಲೆ ಬಳಸ್ತಿದ್ದದ್ದು ಅಲೆಸಿಸ್ ಎಂಎಂಟಿ-8 ಅನ್ನೋ ಸೀಕ್ವೆನ್ಸರ್, ಅಂದ್ರೆ ತುಂಬಿಸಿಟ್ಟ ಸ್ವರಗಳನ್ನ ಬೇರೆ ಯಂತ್ರಗಳಿಂದ ನುಡಿಸೋ ಪೆಟ್ಟಿಗೆ. ಅದರಲ್ಲಿ 8 ಟ್ರ್ಯಾಕು, ಟ್ರ್ಯಾಕಿಗೊಂದು ಗುಂಡಿ. ಒತ್ತಿದ್ರೆ ಆ ಭಾಗ ಮೌನ, ಮತ್ತೆ ಒತ್ತಿದ್ರೆ ಹಾಜರ್. ಪ್ಯಾಟರ್ನ್ ಸುಮ್ನೆ ಸುತ್ತುತ್ತಾ ಇರತ್ತೆ, ಕೈ ಹೇಳೋವರೆಗೂ ಹಾಡು ಮುಂದಕ್ಕೆ ಹೋಗಲ್ಲ. ನಿಮ್ಮ 6 ನಿಮಿಷ 12 ಆಗೋದು ಅದಕ್ಕೇ.

ಪತ್ತೆ ಹಚ್ಚೋಕೆ ಬಾರ್ (ತಾಳದ ಒಂದು ಸುತ್ತು) ಎಣಿಸಿ. 128 ಬಿಪಿಎಂನಲ್ಲಿ (ನಿಮಿಷಕ್ಕೆ 128 ಬೀಟ್) 4 ಬೀಟಿನ ಒಂದು ಬಾರ್ 1.875 ಸೆಕೆಂಡ್, 16 ಬಾರ್ ಅಂದ್ರೆ ಸರಿಯಾಗಿ 30 ಸೆಕೆಂಡ್. ಸಾಮಾನ್ಯವಾಗಿ ಬದಲಾವಣೆ ಬರೋದು 8 ಅಥವಾ 16ನೇ ಬಾರ್ ಮುಗಿದಾಗ. ಏಬಲ್ಟನ್ ಲೈವ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕ್ಲಿಪ್ (ಹಾಡಿನ ಒಂದು ತುಣುಕು) ಒತ್ತಿದ್ರೆ ಅದು ಮುಂದಿನ ಬಾರ್ ಶುರು ಆಗೋವರೆಗೂ ಕಾಯತ್ತೆ (ಸೆಟ್ಟಿಂಗ್ ಮುಟ್ಟದಿದ್ರೆ 1 ಬಾರ್). ಹಾಗಾಗಿ ತಾಳ ತಪ್ಪಲ್ಲ. ಆದ್ರೆ ಬೆರಳು ಕೂದಲೆಳೆಯಷ್ಟು ತಡ ಆದ್ರೆ ಪೂರ್ತಿ ಒಂದು ಬಾರ್ ಹೋಯ್ತು, ಬಾಸ್ 16 ಬಾರ್ ಬದಲು 17 ಬಾರ್ ಮುಗಿದ ಮೇಲೆ ಬರತ್ತೆ. ಬರೀ ಪ್ಲೇ ಒತ್ತಿ ನಿಂತವರ ಸೆಟ್‌ನಲ್ಲಿ ಆ 17ನೇ ಬಾರ್ ಯಾವತ್ತೂ ಸಿಗಲ್ಲ.

ಕಡಲತಡಿ:
ಬಾರ್ ಎಣಿಸುದು ಸರಿ ಮಾರಾಯ್ರೆ, ಆದ್ರೆ ಕೈ ಕೇಳುದು ಫಿಲ್ಟರಿನಲ್ಲಿ, ಅಂದ್ರೆ ಸ್ವರದ ಹೊಳಪು ಹೆಚ್ಚುಕಮ್ಮಿ ಮಾಡುವ ಭಾಗದಲ್ಲಿ. ರೋಲ್ಯಾಂಡ್ ಟಿಬಿ-303 ಎಂಬ ಬಾಸ್ ಯಂತ್ರದ ತಲೆಯ ಮೇಲೆ ಸಾಲಾಗಿ 6 ತಿರುಪು ಉಂಟು: ಟ್ಯೂನಿಂಗ್, ಕಟ್‌ಆಫ್, ರೆಸೊನೆನ್ಸ್, ಎನ್ವಲಪ್ ಮಾಡ್, ಡಿಕೇ, ಆಕ್ಸೆಂಟ್. 16 ಹೆಜ್ಜೆಯ ಸ್ವರಗಳು ಬದಲಾಗುದೇ ಇಲ್ಲ. ಕಟ್‌ಆಫ್ ಎರಡು ಬೆರಳಲ್ಲಿ ಮೆಲ್ಲ ತೆರೆದರೆ ಗಂಟಲಲ್ಲಿದ್ದ ಸ್ವರ ಮೂಗಿಗೆ ಬಂದ ಹಾಗೆ. ರೆಸೊನೆನ್ಸ್ ಏರಿಸಿದರೆ ಕಿರುಚ್ತದೆ. ಎರಡನ್ನೂ ಒಟ್ಟಿಗೆ ಪೂರ್ತಿ ತೆರೆದರೆ ಕಿಕ್ ಸಣ್ಣದಾಗಿ ಕೇಳ್ತದೆ, ಹೊಸಬರು ಎಡವುದು ಅಲ್ಲೇ. ಆಲ್ಬಮಿನಲ್ಲಿ ಈ ತಿರುವು ಪ್ರತಿ ಸಲ ಒಂದೇ, ಲೈವಿನಲ್ಲಿ ಒಂದು ಸಲದ ಹಾಗೆ ಇನ್ನೊಂದು ಸಲ ಇಲ್ಲ.

ಕೇಳಲಿಕ್ಕೆ: ಫ್ರೆಂಚ್ ಜೋಡಿ ಡಾಫ್ಟ್ ಪಂಕ್‌ನ 'ಅಲೈವ್ 1997'. ಬರ್ಮಿಂಗ್‌ಹ್ಯಾಮಿನಲ್ಲಿ ಧ್ವನಿಮುದ್ರಣ, ಸುಮಾರು 45 ನಿಮಿಷದ ಒಂದೇ ಟ್ರ್ಯಾಕು. ಒಂದರ ಮೇಲೊಂದು ಹಾಡು ಕೂರುದು ಕೇಳ್ಬೇಕಾದ್ರೆ 'ಅಲೈವ್ 2007'. ನನ್ನ ಪ್ರಕಾರ ಮೊದಲನೆಯದ್ದೇ ಮೇಲು, ಎರಡನೆಯದ್ದರಲ್ಲಿ ಜನರ ಕೂಗು ಜಾಸ್ತಿ.

ಹಾಗೇ ಚರಣ್‌ಜಿತ್ ಸಿಂಗ್‌ರ 1982ರ ಹತ್ತು ರಾಗಗಳ ಡಿಸ್ಕೊ ಆಲ್ಬಮ್. ಲೈವ್ ಅಲ್ಲ, ಆದ್ರೆ ಬಿಡಬೇಡಿ. 303, ಟಿಆರ್-808 ಡ್ರಮ್ ಯಂತ್ರ, ಜೂಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಮುಂಬೈಯಲ್ಲಿ ಮಾಡಿದ್ದು, ಚಿಕಾಗೊದ ಮೊದಲ ಆಸಿಡ್ (303ರ ಕಿರುಚುವ ಬಾಸಿನ ಡ್ಯಾನ್ಸ್ ಸಂಗೀತ) ರೆಕಾರ್ಡು ಬರುವ 5 ವರ್ಷ ಮೊದಲು. 303ರ ಸ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರುದು) ಹೆಚ್ಚುಕಮ್ಮಿ ನಮ್ಮ ಶಾಸ್ತ್ರೀಯ ಸಂಗೀತದ ಜಾರು. ಆದ್ರೆ ಜಾರುವ ವೇಗ ಯಂತ್ರದ್ದು, ನಮ್ಮದಲ್ಲ.

ತಂತಿಗಂಟು:
ಒಂದು ತಕರಾರು. ಪರದೆಯ ಚಿತ್ರ, ಬೆಳಕು ಎಲ್ಲ ಟೈಮ್‌ಕೋಡಿಗೆ (ಹಾಡಿನ ಜೊತೆ ಓಡೋ ಗಡಿಯಾರದ ಸಂಕೇತಕ್ಕೆ) ಕಟ್ಟಿರೋ ದೊಡ್ಡ ಶೋಗಳಲ್ಲಿ ಹಾಡಿನ ಉದ್ದ ಮೊದಲೇ ಗೊತ್ತಾಗಿರತ್ತೆ. ಅಲ್ಲಿ 17ನೇ ಬಾರ್ ಬರಲ್ಲ, ಆದ್ರೂ ಅದರ ಮೇಲೆ ಕೇಳೋ ಕೀಬೋರ್ಡು ನಿಜವಾಗಿ ನುಡಿಸಿದ್ದೇ ಇರಬಹುದು. ಮಂಜಣ್ಣನ ಪರೀಕ್ಷೇಲಿ ಅವರೂ ಫೇಲು.

ಎಡವಟ್ಟು ಆಗೋದು ಹೆಚ್ಚಾಗಿ ಕ್ಲಾಕಿನಲ್ಲಿ. ಯಂತ್ರಗಳನ್ನ ಒಂದೇ ತಾಳಕ್ಕೆ ಕಟ್ಟೋ ಮಿಡಿ ಕ್ಲಾಕ್ ಬೀಟಿಗೆ 24 ತಟ್ಟು ಕಳಿಸತ್ತೆ, 128 ಬಿಪಿಎಂಗೆ ಸೆಕೆಂಡಿಗೆ 51 ಚಿಲ್ಲರೆ. ಲ್ಯಾಪ್‌ಟಾಪ್ ಬೇರೆ ಕೆಲಸದಲ್ಲಿ ಮುಳುಗಿದ್ರೆ ತಟ್ಟು ಹಿಂದೆ ಮುಂದೆ ಆಗತ್ತೆ, ಎರಡು ಯಂತ್ರದ ಕಿಕ್ 'ಧಪ್' ಅನ್ನೋ ಬದಲು 'ಧಧಪ್' ಅನ್ನತ್ತೆ. ಮದ್ದು: ಯಜಮಾನ ಕ್ಲಾಕ್ ಒಂದೇ ಇರಬೇಕು, ಅದೂ ಬೇರೆ ಪೆಟ್ಟಿಗೆ ಆದ್ರೆ ಒಳ್ಳೇದು. ಒಂದರ ಬಾಲಕ್ಕೆ ಇನ್ನೊಂದು ಪೋಣಿಸ್ದೆ ಥ್ರೂ ಬಾಕ್ಸಿಂದ (ಒಂದೇ ಸಂಕೇತವನ್ನ ಹಲವು ತಂತಿಗೆ ಹಂಚೋ ಪೆಟ್ಟಿಗೆ) ಎಲ್ಲಕ್ಕೂ ನೇರ ತಂತಿ ಎಳೀರಿ, ಕಿಕ್ ಒಂದೇ ಯಂತ್ರದಿಂದ ಬರ್ಲಿ.

ಬೀಟ್‌ಬುಟ್ಟಿ:
ಥ್ಯಾಂಕ್ಸ್ ಗುರುಗಳೇ. ಇದೆಲ್ಲ ಕೇಳ್ಬೇಕಂದ್ರೆ ಎಲ್ಲಿ ನಿಲ್ಲೋದು? ಸ್ಪೀಕರ್ ಮುಂದೆ ಬರೀ ಗುಡುಗು.

ಮಿಕ್ಸರ್‌ಮಂಜ:
ಸೌಂಡ್ ಡೆಸ್ಕಿನ ಮುಂದೆ, ಮಧ್ಯದ ಗೆರೆಯಲ್ಲಿ. ಮಿಕ್ಸ್ ಮಾಡೋರು ಕೇಳ್ತಿರೋದು ಅದನ್ನೇ. ಸಬ್‌ಗಳನ್ನ (ಬಾಸ್‌ಗೆ ಅಂತಲೇ ಇರೋ ಸ್ಪೀಕರ್) ಎಡ ಬಲ ಇಟ್ಟಿದ್ರೆ ಪಕ್ಕಕ್ಕೆ ಸರಿದಾಗ ಬಾಸ್ ಕೆಲವು ಕಡೆ ಮಾಯ ಆಗತ್ತೆ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 6.9 ಮೀಟರ್. ಎರಡು ಸಬ್‌ಗಳಿಂದ ನಿಮಗಿರೋ ದೂರದ ವ್ಯತ್ಯಾಸ ಅದರ ಅರ್ಧ, ಅಂದ್ರೆ ಸುಮಾರು 3.4 ಮೀಟರ್ ಆದ್ರೆ ಒಂದನ್ನ ಇನ್ನೊಂದು ನುಂಗತ್ತೆ. ಬಾಸ್ ಕಮ್ಮಿ ಅನ್ಸಿದ್ರೆ ಬೈಯೋ ಮುಂಚೆ ನಾಲ್ಕು ಹೆಜ್ಜೆ ಸರೀರಿ.

ಇಯರ್‌ಪ್ಲಗ್ ಹಾಕಿ. 85 ಡೆಸಿಬಲ್‌ಗೆ 8 ಗಂಟೆ, ಮೇಲಿನ ಪ್ರತಿ 3ಕ್ಕೂ ಅವಧಿ ಅರ್ಧ ಅನ್ನೋ ಲೆಕ್ಕದಲ್ಲಿ 100ಕ್ಕೆ ಸಿಗೋದು ಬರೀ 15 ನಿಮಿಷ. ಫೋಮ್‌ದು ಹ್ಯಾಟನ್ನೇ ಹೆಚ್ಚು ತಿಂದು ಎಲ್ಲ ಮಬ್ಬು ಮಾಡತ್ತೆ, ಸಂಗೀತಗಾರರ ಫಿಲ್ಟರ್ ಇರೋದು ತಗೊಳ್ಳಿ. ಫೋಮೇ ಇದ್ರೆ ತೆಳ್ಳಗೆ ಹೊಸೆದು, ಇನ್ನೊಂದು ಕೈಲಿ ಕಿವಿ ಮೇಲಕ್ಕೆಳೆದು ತೂರಿಸಿ, ಉಬ್ಬೋವರೆಗೂ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡೀರಿ.