ಪದಚರ್ಚೆ: ‘ಅರ್ಬನ್ ಅಗ್ಲೋಮರೇಷನ್’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ನಮಸ್ಕಾರ. ಮೈಸೂರಿನ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಫಲಕ ಮಾಡಿಸುತ್ತಿದ್ದೇನೆ: ‘ಜನಸಂಖ್ಯೆಯಲ್ಲಿ ಕರ್ನಾಟಕದ ದೊಡ್ಡ ನಗರಗಳು, 2011’. ಬೆಂಗಳೂರು ಮೊದಲು, ಅದರಲ್ಲಿ ತಕರಾರಿಲ್ಲ. ಗಂಟು ಇರುವುದು ಎರಡನೆಯದರಲ್ಲಿ. ಪಾಲಿಕೆ ಎಲ್ಲೆಯೊಳಗೆ ಮಾತ್ರ ಎಣಿಸಿದರೆ ಹುಬ್ಬಳ್ಳಿ-ಧಾರವಾಡ 9.43 ಲಕ್ಷ, ಮೈಸೂರು ಸುಮಾರು 8.9 ಲಕ್ಷ. ಹೂಟಗಳ್ಳಿಯಂಥ ಅಂಟಿಕೊಂಡ ಊರುಗಳನ್ನು ಸೇರಿಸಿದರೆ ಮೈಸೂರು 10 ಲಕ್ಷದ ಹತ್ತಿರ ಹೋಗಿ ಎರಡನೆಯದಾಗುತ್ತದೆ. ಹಾಗಾಗಿ ಎರಡು ಕಾಲಂ ಬೇಕು. ಮೊದಲನೆಯದು ‘ಪಾಲಿಕೆ ವ್ಯಾಪ್ತಿ’. ಎರಡನೆಯದು ಅಂಟಿಕೊಂಡ ಊರುಗಳನ್ನೂ ಸೇರಿಸಿದ ಲೆಕ್ಕ, ಜನಗಣತಿಯವರು ‘ಅರ್ಬನ್ ಅಗ್ಲೋಮರೇಷನ್’ ಅನ್ನುವುದು. ಅದಕ್ಕೆ? ‘ನಗರ ಸಮುಚ್ಚಯ’ ಅಂದರೆ ಮಕ್ಕಳು ಅಪಾರ್ಟ್‌ಮೆಂಟ್ ಅಂದುಕೊಳ್ಳುತ್ತಾರೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ.

ಉತ್ತರ (ಮಂಡ್ಯ):
‘ಹೊಳಲೊಟ್ಟು’. ಹಳಗನ್ನಡದ ಪೊಳಲ್ ಅಂದರೆ ನಗರವೇ. ಮಂಡ್ಯದ ಪಕ್ಕದಲ್ಲೇ ಹೊಳಲು ಅನ್ನುವ ಊರಿದೆ. ನಗರ, ಪುರ ಎಲ್ಲ ಸಾಲದ ಸರಕು. ಮನೆಯಲ್ಲಿ ಪದ ಇಟ್ಟುಕೊಂಡು ಬೇರೆಯವರ ಬಾಗಿಲು ಯಾಕೆ ತಟ್ಟಬೇಕು?

ಉತ್ತರ (ಮೈಸೂರು):
ಆ ಹೊಳಲು ಈಗ ಹಳ್ಳಿ ಸ್ವಾಮಿ. ಓದಿದವರು ನಗುತ್ತಾರೆ.

‘ಸುತ್ತಲಿನ ಊರುಗಳು’ ಅಂತಲೂ ಬರೆಯಬೇಡಿ, ಹಾಗಂದರೆ ನಂಜನಗೂಡೂ ಒಳಗೆ ಬಂತು. ಜನಗಣತಿಯವರ ಲೆಕ್ಕದಲ್ಲಿ ಕಟ್ಟಡ ಕಟ್ಟಡಕ್ಕೆ ಸೇರಿಕೊಂಡೇ ಬೆಳೆದಿರಬೇಕು, ನಡುವೆ ಹೊಲ ಬಂದರೆ ಆಗಲ್ಲ. ಆದರೆ ಪಾಲಿಕೆ ಎಲ್ಲೆಗೆ ಈ ನಿಯಮ ಇಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ಸುಮಾರು 20 ಕಿಲೋಮೀಟರ್ ದೂರ. 1962ರಲ್ಲಿ ಒಂದೇ ಪಾಲಿಕೆ ಮಾಡಿದರು, ಹಾಗಾಗಿ 2011ರ ಪಟ್ಟಿಯಲ್ಲಿ ಎರಡೂ ಸೇರಿ ಒಂದೇ ಸಾಲು. ನಮ್ಮ ಹೂಟಗಳ್ಳಿ ಒತ್ತಿಕೊಂಡೇ ಇದ್ದರೂ ಅದರ ಲೆಕ್ಕ ಹೊರಗೆ! ‘ಕೂಡುನಗರ’ ಅಂತ ಹಾಕಿ.

ಉತ್ತರ (ಮಂಡ್ಯ):
ಕೂಡು ಕನ್ನಡ, ನಗರ ಸಂಸ್ಕೃತ. ಅರಿಸಮಾಸ. ಬಿಡಿ.

ಉತ್ತರ (ಮೈಸೂರು):
ಮಳೆಗಾಲ ಅಂತೀರಾ, ಇಲ್ಲವಾ?

ಉತ್ತರ (ಮಂಡ್ಯ):
ಒಂದು ರೂಢಿಗೆ ಬಂತು ಅಂತ ಬಾಗಿಲೇ ತೆಗೆದಿಡಬೇಕಾ? ಹೀಗೆ ಸುಮ್ನೆ ಬಿಟ್ಟುಬಿಟ್ಟು ಸರ್ಕಾರ, ರಸ್ತೆ, ಅರ್ಜಿ ಎಲ್ಲ ಬಂದು ಕೂತವು.

ಉತ್ತರ (ಮೈಸೂರು):
ಹಾಗಾದರೆ ಅಂಕಿಗಳನ್ನೂ ಶುದ್ಧ ಮಾಡೋಣ. ಲಕ್ಷ ಸಂಸ್ಕೃತದ್ದು. ಸಾವಿರ ಬಂದದ್ದು ಸಹಸ್ರದಿಂದ. ನಮ್ಮದು ಅಂತ ಉಳಿಯುವುದು ನೂರು. ಹುಬ್ಬಳ್ಳಿ-ಧಾರವಾಡದ ಮುಂದೆ ‘9,437 ನೂರು’ ಅಂತ ಬರೆಸಲಾ?

ಮೊದಲು ಕೇಳಿದವರಿಂದ:
‘ಕೂಡುನಗರ’ ಬರೆಸುತ್ತೇನೆ, ಕೆಳಗೆ ಸಣ್ಣದಾಗಿ ‘ಪಾಲಿಕೆ ಮತ್ತು ಅದಕ್ಕೆ ಅಂಟಿ ಬೆಳೆದ ಊರುಗಳು’. ಇನ್ನೊಂದು ವಿಷಯ: ಈ ಕಾಲಂನಲ್ಲಿ ಮಂಗಳೂರು, ಬೆಳಗಾವಿ ಎರಡೂ 6 ಲಕ್ಷ ದಾಟಿ ಕಲಬುರಗಿಯನ್ನು ಹಿಂದೆ ಹಾಕುತ್ತವೆ. ಪಾಲಿಕೆ ಲೆಕ್ಕದಲ್ಲಿ ಕಲಬುರಗಿಯೇ ಮುಂದೆ. ‘ರ‍್ಯಾಂಕ್’ ಅನ್ನುವ ಕಡೆ ‘ಸ್ಥಾನ’ ಹಾಕಿದರೆ ಯಾರಿಗೂ ಜಗಳ ಇಲ್ಲ ಅಲ್ವಾ?

ಉತ್ತರ (ಮಂಡ್ಯ):
ಸ್ಥಾನವೂ ಸಂಸ್ಕೃತವೇ.