ಹಳೆಯ ಸ್ಪೋರ್ಟ್ಸ್ ಕಾರಿನ ಇಂಧನ ವ್ಯವಸ್ಥೆ: ಮೆಕ್ಯಾನಿಕ್ ಅವರಿಗೆ ಸದಸ್ಯರ ಪ್ರಶ್ನೆಗಳು

ತಿಪಟೂರಿನ ಸದಸ್ಯರು: ನಮಸ್ಕಾರ ಸರ್. ಬಹುಕಾಲ ಶೆಡ್ಡಿನಲ್ಲೇ ನಿಂತಿದ್ದ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರನ್ನು ಸರಿಪಡಿಸುತ್ತಿದ್ದೇನೆ. ಎಂಜಿನ್ ಚೆನ್ನಾಗಿ ಓಡುತ್ತಿದೆ, ಆದರೆ ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ) ಆಯಿಲ್ ಗುರುತಿಗಿಂತ ಮೇಲೇರಿದೆ. ಭಾನುವಾರ ಶಿರಾದವರೆಗೆ ಓಡಿಸಬಹುದೇ?

ಶಿಡ್ಲಘಟ್ಟದ ಸದಸ್ಯರು: ಹಳೆಯ ಕಾರಿಗೆ ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಹಾಕಬಹುದೇ?

ಗೌರಿಬಿದನೂರಿನ ಸದಸ್ಯರು: ಪೆಟ್ರೋಲ್ ಮೀಟರ್ ಸದಾ ಟ್ಯಾಂಕ್ ಭರ್ತಿ ಎಂದೇ ತೋರಿಸುತ್ತದೆ. ಕಾರಣವೇನು?

ತುಮಕೂರಿನ ಮೆಕ್ಯಾನಿಕ್: ತಿಪಟೂರಿನವರೇ, ದಯವಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ, ಶಿರಾ ಹಾಗಿರಲಿ, ಬೀದಿಯ ಕೊನೆಗೂ ಬೇಡ. ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆ. ತೆಳ್ಳಗಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಸೇರಿದೆ. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ, ಜೊತೆಗೆ ಸಂಪಿನಲ್ಲಿ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ) ತುಂಬಿಕೊಂಡ ಆವಿಗೆ ಬೆಂಕಿ ತಗುಲಬಹುದು. ನನ್ನ ಮೊದಲ ಅನುಮಾನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ. ಈ ಕಾರಿನ ಪಂಪನ್ನು ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡ ಒಂದು ಲಿವರ್ ಮೂಲಕ ನಡೆಸುತ್ತದೆ. ಪೆಟ್ರೋಲಿಗೂ ಎಂಜಿನ್ನಿನ ಒಳಭಾಗಕ್ಕೂ ನಡುವೆ ಇರುವುದು ಡಯಾಫ್ರಮ್ ಎಂಬ ತೆಳು ಪೊರೆ ಮಾತ್ರ. ಅದು ಒಣಗಿ ಹರಿದರೆ ಪೆಟ್ರೋಲ್ ನೇರವಾಗಿ ಸಂಪಿಗೆ ಇಳಿಯುತ್ತದೆ. ಬ್ಯಾಟರಿ ತಂತಿ ಕಳಚಿ, ಟ್ಯಾಂಕಿನಿಂದ ಬರುವ ಕೊಳವೆಯ ಬಾಯಿ ಮುಚ್ಚಿ, ಪಂಪನ್ನು ಬಿಚ್ಚಿ ನೋಡಿ. ಲಿವರಿನ ಬದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಾರಣ ಸಿಕ್ಕಿತು. ಅಲ್ಲಿ ಒಣಗಿದ್ದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಎಸ್‌ಯು ಕಂಪನಿಯ ಕಾರ್ಬುರೇಟರುಗಳನ್ನು ನೋಡಬೇಕು: ಪೆಟ್ರೋಲ್ ಮಟ್ಟ ಏರಿದಾಗ ಒಳಹರಿವು ತಡೆಯುವ ಫ್ಲೋಟಿನ ಸೂಜಿ ಪೂರ್ತಿ ಮುಚ್ಚದಿರಬಹುದು, ಅಥವಾ ಚೋಕ್ ಎಳೆದಾಗ ಕೆಳಗಿಳಿದ ಜೆಟ್ (ಪೆಟ್ರೋಲ್ ಹೊರಬರುವ ಸಣ್ಣ ಕೊಳವೆ) ಮತ್ತೆ ಮೇಲೇರದೆ ಅಲ್ಲೇ ಸಿಕ್ಕಿಕೊಂಡಿರಬಹುದು. ಎರಡರಲ್ಲೂ ಸ್ಪಾರ್ಕ್ ಪ್ಲಗ್ಗುಗಳು ಮಸಿ ಹಿಡಿದಿರುತ್ತವೆ.

ಶಿಡ್ಲಘಟ್ಟದವರಿಗೆ: ಪೆಟ್ರೋಲಿನ ಹಳೆಯ ರಬ್ಬರ್ ಕೊಳವೆ, ಸೀಲುಗಳನ್ನೆಲ್ಲ ಎಥನಾಲ್ ತಾಳಿಕೊಳ್ಳುವಂಥವುಗಳಿಗೆ ಬದಲಿಸದೆ ಹಾಕಬೇಡಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು, ಆದ್ದರಿಂದ ಅದೇ ಜೆಟ್ಟಿನಲ್ಲಿ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಮತ್ತೆ ಟ್ಯೂನ್ ಮಾಡಬೇಕು.

ಚಿಂತಾಮಣಿಯ ಸದಸ್ಯರು: ಟ್ಯಾಂಕಿನಲ್ಲಿ ನಾಲ್ಕು ನುಸಿಗುಳಿಗೆ ಹಾಕಿದರೆ ಎಥನಾಲಿನ ದೋಷ ಹೋಗುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಇನ್ನೊಂದು ವಿಷಯ, ಟ್ಯಾಂಕಿನ ತೂತಿಗೆ ನಾಳೆ ಗ್ಯಾಸ್ ವೆಲ್ಡಿಂಗ್ ಮಾಡಿಸುತ್ತಿದ್ದೇನೆ. ಸೋಪಿನ ನೀರಿನಲ್ಲಿ ತೊಳೆದಿದ್ದೇನೆ.

ತುಮಕೂರಿನ ಮೆಕ್ಯಾನಿಕ್: ವೆಲ್ಡಿಂಗ್ ನಿಲ್ಲಿಸಿ. ತೊಳೆದ ಮೇಲೂ ತುಕ್ಕಿನ ಸಂದಿಯಲ್ಲಿ ಉಳಿದ ಪೆಟ್ರೋಲ್ ಬಿಸಿಗೆ ಆವಿಯಾಗಿ ಟ್ಯಾಂಕ್ ಸಿಡಿಯುತ್ತದೆ. ಈ ಕೆಲಸವನ್ನೇ ಮಾಡುವವರ ಬಳಿ ಕೊಂಡೊಯ್ಯಿರಿ. ನುಸಿಗುಳಿಗೆ ಪೆಟ್ರೋಲಿನಲ್ಲಿ ಕರಗುತ್ತದೆ, ಫ್ಲೋಟ್ ಪಾತ್ರೆಯಲ್ಲಿ ಪೆಟ್ರೋಲ್ ಆರಿದಾಗ ಮತ್ತೆ ಗಟ್ಟಿಯಾಗಿ ಉಳಿಯುತ್ತದೆ. ಬಂದ ಸಂದೇಶಗಳನ್ನೆಲ್ಲ ಇಲ್ಲಿಗೆ ಕಳುಹಿಸಬೇಡಿ.

ಕೋಲಾರದ ಸದಸ್ಯರು: ತಿಪಟೂರಿನವರು ಆ ಪಂಪನ್ನು ಎಸೆದು, ಗುಜರಿಗೆ ಹೋದ ಹೊಸ ಕಾರೊಂದರ ಎಲೆಕ್ಟ್ರಿಕ್ ಪಂಪ್ ಹಾಕಿಸಲಿ.

ಮಾಲೂರಿನ ಸದಸ್ಯರು: ಮೂಲ ಪಂಪನ್ನು ಕಿತ್ತ ಮೇಲೆ ಅದನ್ನು ಪುನರುಜ್ಜೀವನವೆಂದು ಕರೆಯಬೇಡಿ.

ಕೋಲಾರದ ಸದಸ್ಯರು: ಪ್ರದರ್ಶನಕ್ಕೆ ನಿಲ್ಲಿಸುವ ಕಾರು ನಿಮ್ಮದು. ನಾವು ಬೇಸಿಗೆಯಲ್ಲೂ ಓಡಿಸುತ್ತೇವೆ.

ಮಾಲೂರಿನ ಸದಸ್ಯರು: ನೀವು ಓಡಿಸುವುದನ್ನು ನೋಡಿದ್ದೇನೆ. ಕಾರು ದಾರಿಬದಿಯಲ್ಲೇ ನಿಂತಿತ್ತು.

ತುಮಕೂರಿನ ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಹೊಸ ಕಾರುಗಳಲ್ಲಿ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ವ್ಯವಸ್ಥೆ ಇದೆ; ಅಂಥ ಕಾರಿನ ಪಂಪಿನ ಒತ್ತಡ ಸಾಮಾನ್ಯವಾಗಿ 3 ಬಾರ್, ಅಂದರೆ ಸುಮಾರು 43 ಪಿಎಸ್‌ಐ (ಎರಡೂ ಒತ್ತಡದ ಅಳತೆಗಳು). ಎಸ್‌ಯು ಸೂಜಿ ತಡೆಯುವುದು ಹೆಚ್ಚೆಂದರೆ 3 ಪಿಎಸ್‌ಐ ಆಸುಪಾಸು. ಸ್ಪಿಟ್‌ಫೈರ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಒಂದೇ ಬದಿಯಲ್ಲಿವೆ. ಉಕ್ಕಿದ ಪೆಟ್ರೋಲ್ ಕಾದ ಕಬ್ಬಿಣದ ಮೇಲೆಯೇ ಬೀಳುತ್ತದೆ. ಎಲೆಕ್ಟ್ರಿಕ್ ಪಂಪೇ ಬೇಕೆಂದರೆ ಕಾರ್ಬುರೇಟರಿಗಾಗಿ ಮಾಡಿದ ಕಡಿಮೆ ಒತ್ತಡದ್ದನ್ನು, ಅಪಘಾತವಾದಾಗ ವಿದ್ಯುತ್ ಕಡಿಯುವ ಸ್ವಿಚ್ಚಿನೊಂದಿಗೇ ಹಾಕಿಸಬೇಕು.

ಬಾಗೇಪಲ್ಲಿಯ ಸದಸ್ಯರು: ಸರ್, ಇ20 ಹಾಕಬಹುದೇ?

ತುಮಕೂರಿನ ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಶಿಡ್ಲಘಟ್ಟದ ಸದಸ್ಯರು: ಆಕ್ಟೇನ್ ಹೆಚ್ಚಿರುವ ಪೆಟ್ರೋಲಿನಲ್ಲಿ ಎಥನಾಲ್ ಇರುವುದಿಲ್ಲವಲ್ಲವೇ?

ತುಮಕೂರಿನ ಮೆಕ್ಯಾನಿಕ್: ಹಾಗೇನಿಲ್ಲ. ಎಥನಾಲೇ ಆಕ್ಟೇನ್ ಹೆಚ್ಚಿಸುತ್ತದೆ.

ಗೌರಿಬಿದನೂರಿನ ಸದಸ್ಯರು: ನನ್ನ ಮೀಟರಿನ ಪ್ರಶ್ನೆಯನ್ನು ಯಾರೂ ನೋಡಿಲ್ಲ.

ಕೋಲಾರದ ಸದಸ್ಯರು: ಮಾಲೂರಿನವರು ಮೊದಲು ತಮ್ಮ ಮಾತು ಹಿಂತೆಗೆದುಕೊಳ್ಳಲಿ.

ತಿಪಟೂರಿನ ಸದಸ್ಯರು: ಪಂಪ್ ಬಿಚ್ಚಿದೆ ಸರ್. ಲಿವರಿನ ಬದಿ ಪೂರ್ತಿ ಒದ್ದೆಯಾಗಿದೆ, ಡಯಾಫ್ರಮ್ಮಿನ ಅಂಚು ಸೀಳಿದೆ.

ತುಮಕೂರಿನ ಮೆಕ್ಯಾನಿಕ್: ಒಳ್ಳೆಯದಾಯಿತು. ಎಥನಾಲ್ ತಾಳಿಕೊಳ್ಳುವ ಡಯಾಫ್ರಮ್ಮನ್ನೇ ಕೇಳಿ ತರಿಸಿ. ಸಂಪಿನ ಆಯಿಲನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ. ಪಂಪ್ ಕೂಡಿಸುವಾಗ ಲಿವರ್ ಕ್ಯಾಮ್‌ಶಾಫ್ಟಿನ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಅಡ್ಡ ಸಿಕ್ಕಿದಾಗ ಬೋಲ್ಟ್ ಬಿಗಿದರೆ ಲಿವರ್ ಮುರಿಯುತ್ತದೆ. ಮೊದಲ ಓಟದ ನಂತರ ಡಿಪ್‌ಸ್ಟಿಕ್ಕಿನ ಮಟ್ಟವನ್ನು ಇಲ್ಲಿ ತಿಳಿಸಿ.