ದೊಡ್ಡಮ್ಮನ ಅರಶಿನ ಎಲೆ ಕಡುಬಿನ ಅಳತೆ ಹಿಡಿಯುವುದು ಹೇಗೆ?

ಮಂಗಳೂರಿನಿಂದ ಕೇಳಿದ್ದು: ನಾಗರ ಪಂಚಮಿಗೆ ನಾಗಬನದಲ್ಲಿ ತನು (ನಾಗನಿಗೆ ಹಾಲು, ಸೀಯಾಳ) ಎರೆಯಲಿಕ್ಕೆ ನಮ್ಮ ಕುಟುಂಬದವರೆಲ್ಲ ತರವಾಡು ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಸೇರುತ್ತೇವೆ. ಆ ದಿನದ ಅರಶಿನ ಎಲೆ ಕಡುಬು ದೊಡ್ಡಮ್ಮನದ್ದೇ. ಅವರಿಗೀಗ ಪ್ರಾಯ ಆಯ್ತು. ಅಳತೆ ಕೇಳಿದರೆ "ಅದು ಕೈಗೆ ಗೊತ್ತಾಗ್ತದೆ" ಅಂತ ಹೇಳ್ತಾರೆ. ಬೆಂಗಳೂರಿನಲ್ಲಿರುವ ಅಕ್ಕನಿಗೆ, ದುಬೈಯಲ್ಲಿರುವ ತಮ್ಮನಿಗೆ ಇದನ್ನು ಸರಿಯಾಗಿ ಮುಟ್ಟಿಸಬೇಕು ಅಂತ ಆಸೆ. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ?

ಉಡುಪಿಯಿಂದ: ದೊಡ್ಡಮ್ಮನ ಹತ್ತಿರ ಅಳೆಯಲಿಕ್ಕೆ ಹೇಳಲೇಬೇಡಿ. ಚಮಚ, ಕಪ್ಪು ಅಂತ ಕೈಗೆ ಕೊಟ್ಟರೆ ಅವರ ಕೈಯ ಓಟವೇ ತಪ್ಪಿಹೋಗ್ತದೆ. ನಾನು ಅತ್ತೆಯ ಹತ್ತಿರ ಕಲಿತದ್ದು ಹೀಗೆ: ಬೆಲ್ಲದ ಡಬ್ಬಿ, ತುರಿದ ಕಾಯಿಯ ಪಾತ್ರೆ, ಅಕ್ಕಿ ಡಬ್ಬಿ ಎಲ್ಲವನ್ನೂ ಅವರು ಅಡುಗೆಗೆ ಕೂರುವ ಮೊದಲೇ ತೂಕ ಮಾಡಿ ಬರೆದಿಟ್ಟೆ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಪುನಃ ತೂಕ ಮಾಡಿದೆ. ಕಳೆದರೆ ಸಿಗುವುದೇ ಅತ್ತೆಯ ಅಳತೆ. ನಮ್ಮಲ್ಲಿ ಬಂದ ಲೆಕ್ಕ: ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ) 400 ಗ್ರಾಂ, ಬೆಲ್ಲ 200 ಗ್ರಾಂ, ದೊಡ್ಡದೊಂದು ತೆಂಗಿನಕಾಯಿ, ಏಲಕ್ಕಿ ನಾಲ್ಕೈದು. ನಿಮ್ಮ ದೊಡ್ಡಮ್ಮನದ್ದು ಬೇರೆಯೇ ಇರಬಹುದು, ಅದನ್ನೇ ಬರೆಯಿರಿ. ಅವರು ಕುಡ್ತೆಯಲ್ಲಿ (ಹಳೇ ಅಳತೆ ಪಾತ್ರೆ) ಅಳೆಯುವವರಾದರೆ ಆ ಕುಡ್ತೆಗೆ ನೀರು ತುಂಬಿಸಿ ಎಷ್ಟು ಮಿಲಿ ಹಿಡಿಯುತ್ತದೆ ಅಂತ ನೋಡಿಡಿ. ಹಳೇ ಕುಡ್ತೆಗಳು ಮನೆಯಿಂದ ಮನೆಗೆ ಸಮ ಇರುವುದಿಲ್ಲ.

ಆದರೆ ತೂಕ ಅರ್ಧ ಕೆಲಸ ಅಷ್ಟೆ. ಗುರುತುಗಳನ್ನೂ ಬರೆಯಬೇಕು. ಅಕ್ಕಿ ಎರಡು ಮೂರು ಗಂಟೆ ನೆನೆದ ಮೇಲೆ ನುಣ್ಣಗೆ ರುಬ್ಬಿ. ನೀರು ಆದಷ್ಟು ಕಡಿಮೆ, ಹಿಟ್ಟು ದೋಸೆ ಹಿಟ್ಟಿಗಿಂತ ದಪ್ಪ. ಅತ್ತೆ ಬೆರಳು ಒದ್ದೆ ಮಾಡಿಕೊಂಡು ಎಲೆ ಮೇಲೆ ಸವರುವಾಗ ಹಿಟ್ಟಿನ ಅಡಿಯಿಂದ ಎಲೆಯ ಗೀರುಗಳು ಮಸುಕಾಗಿ ಕಾಣಬೇಕು. ಅದಕ್ಕಿಂತ ದಪ್ಪ ಆದರೆ ಬರೀ ಹಿಟ್ಟು ತಿಂದ ಹಾಗೆ. ಒಂದು ಬದಿಗೆ ಮಾತ್ರ ಹೂರಣ, ನಡುದಂಟಿನ ಗುಂಟ ಮಡಚಿ, ಅಂಚು ಮೆಲ್ಲ ಒತ್ತುವುದು. ಹಬೆ ಬಂದ ಮೇಲೆ ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷದ ಅಂದಾಜು. ಎಲೆಯ ಹಸಿರು ಮಾಸಿ ಕಂದು ತಿರುಗಿರಬೇಕು. ಇಳಿಸಿದ ಕೂಡಲೇ ಬಿಡಿಸಬೇಡಿ, ಅಂಟುತ್ತದೆ. ಸ್ವಲ್ಪ ಆರಿದ ಮೇಲೆ ಎಲೆ ತಾನಾಗಿ ಎದ್ದು ಬರ್ತದೆ, ಕಡುಬಿನ ಮೈಮೇಲೆ ಎಲೆಯ ಗೆರೆಗಳು ಅಚ್ಚಾಗಿ ಉಳಿದಿರ್ತವೆ.

ಕಾರ್ಕಳದಿಂದ: ಹೂರಣದ ವಿಷಯ ಬರೆಯದೆ ಬಿಡಬೇಡಿ ಮಾರಾಯ್ರೆ, ಮನೆಮನೆಗೆ ಬೇರೆ ಆಗುವುದು ಅದೇ. ಕೆಲವರು ಕಾಯಿ, ಬೆಲ್ಲ ಹಸಿಯಾಗಿಯೇ ಕಲಸುತ್ತಾರೆ. ಬೆಲ್ಲ ನೀರು ಬಿಟ್ಟುಕೊಳ್ತದೆ, ಅದಕ್ಕೇ ಭತ್ತದ ಅರಳು ಸೇರಿಸುವುದು, ಅದು ನೀರು ಹೀರಿಕೊಳ್ತದೆ. ಕೆಲವರು ಬಾಣಲೆಯಲ್ಲಿ ಬೆಲ್ಲ ಕರಗಿಸಿ ಕಾಯಿ ಹಾಕಿ ಬಾಡಿಸುತ್ತಾರೆ. ನನಗೆ ಹಸಿ ಹೂರಣವೇ ಇಷ್ಟ, ಕಾಯಿಯ ಹಾಲು ನಾಲಿಗೆಗೆ ಸಿಗ್ತದೆ. ಓಲೆಬೆಲ್ಲ (ತಾಳೆ ಬೆಲ್ಲ) ಹಾಕುವ ಮನೆಯಾದರೆ ಅದನ್ನೂ ನಮೂದಿಸಿ, ಅಂಗಡಿಯ ಕಬ್ಬಿನ ಬೆಲ್ಲದಲ್ಲಿ ಆ ರುಚಿ ಬರುವುದಿಲ್ಲ. ವಿಡಿಯೋ ತೆಗೆಯಿರಿ, ಆದರೆ ಸುಮ್ಮನೆ ತೆಗೆದರೆ ಕೈ ಮಾತ್ರ ಕಾಣ್ತದೆ. ತೆಗೆಯುತ್ತಲೇ ಕೇಳಿ: "ದೊಡ್ಡಮ್ಮ, ಈಗ ನೀರು ಯಾಕೆ ಹಾಕಿದ್ದು? ಸಾಕು ಅಂತ ಹೇಗೆ ಗೊತ್ತಾಯ್ತು?" ಆ ಉತ್ತರಗಳಿಗೇ ಬೆಲೆ.

ಬಜ್ಪೆಯಿಂದ: ನಾವು ಕೊಂಕಣಿ ಕ್ರೈಸ್ತರು. ಆಗಸ್ಟ್ 15ರ ಮಾತೆಯ ಹಬ್ಬಕ್ಕೆ ನಮ್ಮಲ್ಲೂ ಇದೇ, ನಾವು ಪಾತೊಳಿ ಅಂತ ಹೇಳ್ತೇವೆ. ಪಕ್ಕದ ಮನೆಯವರ ಪಂಚಮಿ ಕಡುಬು ನಮಗೆ ಬರ್ತದೆ, ನಮ್ಮದು ಅವರಿಗೆ ಹೋಗ್ತದೆ. ನನ್ನ ಸಲಹೆ ಒಂದೇ. ಬರೆದದ್ದನ್ನು ಎಲ್ಲರಿಗೂ ಕಳಿಸುವ ಮೊದಲು ಎಂದೂ ಕಡುಬು ಮಾಡದ ಒಬ್ಬರಿಗೆ ಕೊಡಿ. ಅವರು ನಿಮಗೆ ಫೋನ್ ಮಾಡದೆ, ಆ ಚೀಟಿ ನೋಡಿಯೇ ಮಾಡಲಿ. ಎಲ್ಲಿ ನಿಂತರೋ ಅಲ್ಲಿ ಇನ್ನೊಂದು ಸಾಲು ಸೇರಿಸಿ. ನಮ್ಮ ಮನೆಯ ಚೀಟಿಗೆ "ಚಿಟಿಕೆ ಉಪ್ಪು ಹಿಟ್ಟಿಗೆ, ಹೂರಣಕ್ಕಲ್ಲ" ಅನ್ನುವ ಸಾಲು ಬಂದದ್ದು ಹಾಗೆ.

ಕುಂದಾಪುರದಿಂದ: ಅಕ್ಕನಿಗೂ ತಮ್ಮನಿಗೂ ಎಲೆ ಎಲ್ಲಿಂದ? ಬಾಳೆ ಎಲೆಯಲ್ಲಿ ಮಾಡಿದರೆ ಕಡುಬು ಆಗ್ತದೆ, ಪರಿಮಳ ಬರುವುದಿಲ್ಲ. ಬೆಂಗಳೂರಿನ ಅಕ್ಕನಿಗೆ ಮೊಳಕೆ ಇರುವ ಹಸಿ ಅರಶಿನದ ಕೊಂಬು ಕೊಡಿ. ಮೇ ತಿಂಗಳಿನಲ್ಲಿ ಅಗಲದ ಕುಂಡದಲ್ಲಿ ಊರಿದರೆ ಶ್ರಾವಣಕ್ಕೆ ಎಲೆ ಕೊಯ್ಯಬಹುದು. ದುಬೈಯ ತಮ್ಮ ಊರಿಗೆ ಬಂದಾಗ ಎಲೆ ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರಸಿ, ಸುರುಳಿ ಸುತ್ತಿ ಗಟ್ಟಿಯಾಗಿ ಕಟ್ಟಿ ಕೊಡಿ, ಅಲ್ಲಿ ಮುಟ್ಟಿದ ಕೂಡಲೇ ಫ್ರೀಜರಿನಲ್ಲಿ ಇಡಲಿ. ಹೊರಗೆ ತೆಗೆದಾಗ ಎಲೆ ಬಾಡಿದ ಹಾಗೆ ಕಾಣ್ತದೆ, ಗಾಬರಿ ಬೇಡ, ಹಬೆ ತಾಗಿದರೆ ಪರಿಮಳ ಬರ್ತದೆ.